ಹ್ಯಾಂಡ್ ವ್ಯಾಕ್ಯೂಮ್ ಪಂಪ್ ತಗೊಳ್ಳುವ ಮುಂಚೆ, ತಗೊಂಡ ಮೇಲೆ

ಪ್ರಶ್ನೆ: ನನ್ನದು ಹತ್ತು ವರ್ಷದ ಡೀಸೆಲ್ ಕಾರು. ಇತ್ತೀಚೆಗೆ ಪಿಕಪ್ ಇಲ್ಲ, ಏರು ಹತ್ತುವಾಗ ಏದುಸಿರು ಬಿಡುತ್ತದೆ. ಟರ್ಬೊ ಹೋಗಿದೆ, ಬದಲಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಅದಕ್ಕೂ ಮೊದಲು ಒಂದು ಹ್ಯಾಂಡ್ ವ್ಯಾಕ್ಯೂಮ್ ಪಂಪ್ ತಗೊಂಡು ನಾನೇ ಚೆಕ್ ಮಾಡೋಣ ಅಂದುಕೊಂಡಿದ್ದೇನೆ. ಪ್ಲಾಸ್ಟಿಕ್ ಬಾಡಿಯದ್ದು ಸಾಕಾ, ಲೋಹದ್ದೇ ಬೇಕಾ? ಅದೇ ಪಂಪಿನಲ್ಲಿ ಬ್ರೇಕ್ ಆಯಿಲ್ ಬದಲಿಸಬಹುದಾ? ಪೆಡಲ್ ತುಳಿಯೋಕೆ ಮನೆಯಲ್ಲಿ ಇನ್ನೊಬ್ಬರು ಸಿಗುವುದಿಲ್ಲ. ಎಸಿ ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಮಾಡೋಕೂ ಇದು ಆಗುತ್ತಾ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಎಸಿಗೆ ಆಗುವುದಿಲ್ಲ. ಯಾಕೆ ಅಂತ ಗೊತ್ತಾದರೆ ಈ ಪಂಪ್ ಯಾವ ಕೆಲಸಕ್ಕೆ ಇರುವುದು ಅನ್ನುವುದೂ ಗೊತ್ತಾಗುತ್ತದೆ.

ಇದು ಕೈಯಲ್ಲಿ ಹಿಡಿ ಅದುಮಿ ಗಾಳಿ ಹೊರಗೆಳೆಯುವ ಪಂಪ್, ಎಷ್ಟು ಎಳೆಯಿತು ಅಂತ ತೋರಿಸುವ ಮುಳ್ಳಿನ ಡಯಲ್ ಇದರ ಮೇಲಿರುತ್ತದೆ. ಹಿಡಿಯನ್ನು ಒಂದು ಸಲ ಅದುಮಿದರೆ ಇದು ಎಳೆಯುವುದು ಹೆಚ್ಚುಕಡಿಮೆ 15 ಸಿಸಿ ಗಾಳಿ. ಒಂದು ದೊಡ್ಡ ಚಮಚದಷ್ಟು, ಅಷ್ಟೇ. ಟರ್ಬೊ ಆಕ್ಚುಯೇಟರ್ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊವನ್ನು ನಿಯಂತ್ರಿಸುವ ಭಾಗ) ಡಬ್ಬಿಯೊಳಗೆ ಒಂದು ನೂರು ಸಿಸಿ ಜಾಗ ಇದೆ ಅಂದುಕೊಳ್ಳಿ. ಏಳೆಂಟು ಸಲ ಅದುಮಿದರೆ 20 ಇಂಚು (ಪಾದರಸದ ಇಂಚು, ವ್ಯಾಕ್ಯೂಮ್ ಅಳೆಯುವ ಲೆಕ್ಕ) ವ್ಯಾಕ್ಯೂಮ್ ಬರುತ್ತದೆ. ಅದೇ ಮೂರು ಲೀಟರ್ ಜಾಗ ಇರುವ ಬ್ರೇಕ್ ಬೂಸ್ಟರಿಗೆ (ವ್ಯಾಕ್ಯೂಮ್ ಬಳಸಿ ಪೆಡಲ್ ತುಳಿತಕ್ಕೆ ಬಲ ಸೇರಿಸುವ ಭಾಗ) ಅಷ್ಟೇ ವ್ಯಾಕ್ಯೂಮ್ ಬೇಕು ಅಂದರೆ ಇನ್ನೂರು ಸಲ ಅದುಮಬೇಕು. ನಿಮ್ಮ ಕೈ ಬಿದ್ದುಹೋಗುತ್ತದೆ. ಹಾಗಾಗಿ ಇದು ಸಣ್ಣ ಡಬ್ಬಿ, ಸಣ್ಣ ಪೈಪು, ಸಣ್ಣ ವಾಲ್ವುಗಳ ಪಂಪ್.

ಎಸಿಯ ಸಮಸ್ಯೆ ಇನ್ನೂ ಬೇರೆ. ಅಲ್ಲಿ ವ್ಯಾಕ್ಯೂಮ್ ಮಾಡುವುದು ಗಾಳಿ ತೆಗೆಯುವುದಕ್ಕೆ ಮಾತ್ರ ಅಲ್ಲ, ಒಳಗಿನ ತೇವ ಕುದ್ದು ಆವಿಯಾಗಿ ಹೊರಗೆ ಬರಲಿ ಅಂತ. ಕೈ ಪಂಪು 25 ಇಂಚಿನವರೆಗೆ ಎಳೆಯುತ್ತದೆ. ಅಷ್ಟರಲ್ಲಿ ನೀರು ಕುದಿಯುವುದು ಸುಮಾರು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಿಮ್ಮ ಎಸಿ ಪೈಪು ಅಷ್ಟು ಬಿಸಿ ಇರುವುದಿಲ್ಲ ಅಲ್ವಾ? ಇಡೀ ದಿನ ಅದುಮಿದರೂ ತೇವ ಅಲ್ಲೇ ಕೂತಿರುತ್ತದೆ. ಆ ಕೆಲಸಕ್ಕೆ ಮೋಟಾರ್ ಇರುವ ಪಂಪೇ ಬೇಕು.

ಈಗ ಯಾವುದನ್ನು ತಗೊಳ್ಳಬೇಕು ಅನ್ನುವುದಕ್ಕೆ ಬರೋಣ. ಪ್ಲಾಸ್ಟಿಕ್ಕೋ ಲೋಹವೋ ಅನ್ನುವುದು ನನ್ನ ಪ್ರಕಾರ ಎರಡನೇ ಮಾತು. ಎಳೆಯುವುದನ್ನು ಎಲ್ಲ ಪಂಪೂ ಮಾಡುತ್ತದೆ. ಎಳೆದದ್ದನ್ನು ಹಿಡಿದಿಟ್ಟುಕೊಳ್ಳುತ್ತದಾ ಅನ್ನುವುದೇ ಪ್ರಶ್ನೆ. ಯಾಕೆಂದರೆ ನೀವು ಮಾಡುವ ಪರೀಕ್ಷೆಗಳಲ್ಲಿ ಹೆಚ್ಚಿನವು ಒಂದೇ ಥರ: 20 ಇಂಚಿಗೆ ಎಳೆದು, ಕೈ ಬಿಟ್ಟು, ಮುಳ್ಳು ಇಳಿಯುತ್ತದಾ ಅಂತ ಕಾಯುವುದು. ಪಂಪೇ ಸೋರುತ್ತಿದ್ದರೆ ಗಾಡಿಯಲ್ಲಿರುವ ಪ್ರತಿ ಪಾರ್ಟೂ ಸೋರಿದ ಹಾಗೆ ಕಾಣುತ್ತದೆ.

ಹಾಗಾಗಿ ಕೈಗೆ ಬಂದ ತಕ್ಷಣ ಮಾಡಬೇಕಾದ್ದು ಇದು. ಪಂಪಿನ ಬಾಯಿಗೆ ಬೆರಳು ಒತ್ತಿಹಿಡಿದು 20 ಇಂಚಿಗೆ ಎಳೆಯಿರಿ. ಐದು ನಿಮಿಷ ಬಿಡಿ. ಬೆರಳು ನೋಯುತ್ತದೆ ಅಂದರೆ ಸಣ್ಣ ರಬ್ಬರ್ ಟೋಪಿ ಹಾಕಿ. ಮುಳ್ಳು ಅಲ್ಲಾಡದೆ ನಿಂತರೆ ಪಂಪ್ ಸರಿ ಇದೆ. ಆಮೇಲೆ ಜೊತೆಗೆ ಬಂದ ಪೈಪು ಸಿಕ್ಕಿಸಿ, ಪೈಪಿನ ತುದಿ ಮುಚ್ಚಿ ಅದನ್ನೇ ಮತ್ತೆ ಮಾಡಿ. ಆಮೇಲೆ ಬ್ರೇಕ್ ಆಯಿಲ್ ಹಿಡಿಯಲು ಪಂಪಿನ ಜೊತೆ ಬರುವ ಬಾಟಲಿ ಸೇರಿಸಿ ಇನ್ನೊಂದು ಸಲ. ಮೂರು ಹಂತದಲ್ಲಿ ಎಲ್ಲಿ ಮುಳ್ಳು ಇಳಿಯಿತೋ ಸೋರಿಕೆ ಅಲ್ಲಿ. ಹೊಸ ಪಂಪಿನಲ್ಲೇ ಬಾಟಲಿ ಮುಚ್ಚಳದ ಹತ್ತಿರ ಸೋರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಳಗಿನ ವಾಷರ್ ವಾರೆಯಾಗಿ ಕೂತಿರುತ್ತದೆ, ಸರಿ ಮಾಡಿ ತಿರುಗಿಸಿದರೆ ಮುಗಿಯಿತು.

ಬಾಡಿ ವಿಷಯ: ಪ್ಲಾಸ್ಟಿಕ್ಕಿನದು ವರ್ಷಕ್ಕೆ ನಾಲ್ಕು ಸಲ ಬಳಸುವವರಿಗೆ ಸಾಕು. ಅದು ಮುರಿಯುವ ಜಾಗ ಒಂದೇ, ಪೈಪು ಸಿಕ್ಕಿಸುವ ಮೂತಿ. ಗಟ್ಟಿಯಾದ ಪೈಪನ್ನು ವಾರೆಯಾಗಿ ಎಳೆದರೆ ಪಟ್ ಅಂತ ಹೋಗುತ್ತದೆ. ಪೈಪನ್ನು ತಿರುಗಿಸಿ ತಿರುಗಿಸಿ ಬಿಡಿಸಿದರೆ ಬಹಳ ದಿನ ಬರುತ್ತದೆ. ಲೋಹದ್ದು ಕೈಯಿಂದ ಜಾರಿ ಬಿದ್ದರೂ ಬದುಕುತ್ತದೆ, ಆದರೆ ಅದರ ಡಯಲ್ ಬದುಕುವುದಿಲ್ಲ. ನಾನಾಗಿದ್ದರೆ ಬಾಡಿಗಿಂತ ಜಾಸ್ತಿ ನೋಡುವುದು ಒಳಗಿನ ಸೀಲ್ ಮತ್ತು ಓ-ರಿಂಗ್ ಬೇರೆ ಸಿಗುತ್ತದಾ ಅಂತ. ಯಾವ ಪಂಪೇ ಆಗಲಿ, ಕೆಲವು ವರ್ಷಕ್ಕೆ ಸೀಲ್ ಸವೆಯುತ್ತದೆ. ಕಿಟ್ ಸಿಕ್ಕರೆ ಹತ್ತು ನಿಮಿಷದ ಕೆಲಸ, ಸಿಗದಿದ್ದರೆ ಪಂಪ್ ಮೂಲೆಗೆ.

ವ್ಯಾಕ್ಯೂಮ್ ನಿಧಾನವಾಗಿ ಬಿಡುವ ಲಿವರ್ ಇರಬೇಕು. ಪೈಪು ಕಿತ್ತೇ ಬಿಡಬೇಕಾದ ಪಂಪ್ ಬೇಡ. ಇನ್ನೊಂದು, ಎಳೆಯುವುದರ ಜೊತೆ ಗಾಳಿ ಒತ್ತುವ ಸೌಲಭ್ಯವೂ ಇರುವ ಪಂಪ್ ಸಿಗುತ್ತದೆ. ನಿಮ್ಮ ವಿಷಯದಲ್ಲಿ ಅದು ಬೇಕಾಗಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಡಯಲ್ ಮೇಲೆ ಒಂದೆರಡು ಮಾತು. ಅದರಲ್ಲಿ ಪಾದರಸದ ಇಂಚು, ಸೆಂಟಿಮೀಟರ್, ಬಾರ್, ಕಿಲೋಪಾಸ್ಕಲ್ ಹೀಗೆ ಯಾವುದಾದರೂ ಇರುತ್ತದೆ. 20 ಇಂಚು ಅಂದರೆ ಸುಮಾರು 51 ಸೆಂಟಿಮೀಟರ್, 68 ಕಿಲೋಪಾಸ್ಕಲ್, 0.68 ಬಾರ್. ಸಮುದ್ರ ಮಟ್ಟದಲ್ಲಿ ಪೂರ್ತಿ ವ್ಯಾಕ್ಯೂಮ್ ಅಂದರೆ 29.92 ಇಂಚು. ಮೇಲಕ್ಕೆ ಹೋದ ಹಾಗೆ ಪ್ರತಿ ಸಾವಿರ ಅಡಿಗೆ ಹತ್ತಿರಹತ್ತಿರ ಒಂದು ಇಂಚು ಕಡಿಮೆಯಾಗುತ್ತದೆ. ಮೂರು ಸಾವಿರ ಅಡಿ ಎತ್ತರದಲ್ಲಿ ಇರುವವರ ಪಂಪು 22-23ಕ್ಕೆ ನಿಂತರೆ ಪಂಪನ್ನು ಬೈಯಬೇಡಿ, ಅಲ್ಲಿ ಗಾಳಿಯೇ ಅಷ್ಟು.

ನಾನೇ ಮಾಡಿಕೊಂಡ ಒಂದು ಎಡವಟ್ಟು ಹೇಳುತ್ತೇನೆ. ಕೆಲಸ ಕಲಿಯುತ್ತಿದ್ದ ದಿನಗಳು. ಒಂದು ಗಾಡಿಯ ಇಜಿಆರ್ ವಾಲ್ವಿಗೆ (ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್ನಿಗೆ ಕಳಿಸುವ ವಾಲ್ವ್) ಪಂಪ್ ಹಾಕಿದೆ. ಮುಳ್ಳು 20ಕ್ಕೆ ಹೋಗಿ ಅರ್ಧ ನಿಮಿಷದಲ್ಲಿ ಸೊನ್ನೆಗೆ ಬಂತು. ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಹರಿದಿದೆ ಅಂತ ಘಂಟಾಘೋಷವಾಗಿ ಹೇಳಿ ಹೊಸ ವಾಲ್ವ್ ಹಾಕಿಸಿದೆ. ಹೊಸದಕ್ಕೆ ಪಂಪ್ ಹಾಕಿದರೆ ಅದೂ ಅರ್ಧ ನಿಮಿಷದಲ್ಲಿ ಸೊನ್ನೆ. ಪಂಪಿನ ಪೈಪು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬಗ್ಗಿಸಿ ನೋಡಿದಾಗ, ಮೂತಿಯ ಹತ್ತಿರ ಕೂದಲೆಳೆಯಷ್ಟು ಸೀಳು ಬಾಯಿ ತೆರೆಯಿತು. ಆವತ್ತಿಂದ ಪರೀಕ್ಷೆಗೆ ಮುಂಚೆ ಪೈಪಿನ ತುದಿ ಮುಚ್ಚಿ ಎಳೆದು ನೋಡದೆ ನಾನು ಗಾಡಿ ಮುಟ್ಟುವುದಿಲ್ಲ.

ಈಗ ನಿಮ್ಮ ಟರ್ಬೊ. ಮೊದಲು ಅದು ಯಾವ ಥರದ್ದು ಅಂತ ನೋಡಿ. ಟರ್ಬೊ ಪಕ್ಕದಲ್ಲಿ ಅಣಬೆಯಂಥ ಒಂದು ಲೋಹದ ಡಬ್ಬಿ, ಅದರಿಂದ ಹೊರಟ ಒಂದು ಕಡ್ಡಿ ಇರುತ್ತದೆ. ಡಬ್ಬಿಗೆ ಬರುವ ಸಣ್ಣ ಪೈಪು ಎಲ್ಲಿಂದ ಬರುತ್ತದೆ ಅಂತ ಕೈಯಿಟ್ಟು ಹಿಂಬಾಲಿಸಿ. ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಮೂಲಕ ಎಂಜಿನ್ನಿನ ವ್ಯಾಕ್ಯೂಮ್ ಪಂಪಿನ ಕಡೆಗೆ ಹೋದರೆ ಅದು ವ್ಯಾಕ್ಯೂಮಿನಿಂದ ನಡೆಯುವುದು. ಟರ್ಬೊವಿನ ತಣ್ಣನೆ ಕಡೆಯ ಹೌಸಿಂಗಿನಿಂದಲೇ ಬಂದಿದ್ದರೆ ಅದು ಗಾಳಿಯ ಒತ್ತಡದಿಂದ ನಡೆಯುವುದು. ಎರಡನೇ ಥರದ್ದಕ್ಕೆ ವ್ಯಾಕ್ಯೂಮ್ ಕೊಟ್ಟರೆ ಕಡ್ಡಿ ಅಲ್ಲಾಡದಿರುವುದೇ ಸರಿ. ಅದನ್ನು ನೋಡಿ ಡಬ್ಬಿ ಹಾಳಾಗಿದೆ ಅಂದವರು ಬಹಳ ಜನ. ಅಂಥದ್ದನ್ನು ಪರೀಕ್ಷಿಸಲು ಒತ್ತುವ ಸೌಲಭ್ಯ ಇರುವ ಪಂಪೇ ಬೇಕು ಅಂದಿದ್ದು ಇದಕ್ಕೆ. ಪೈಪೇ ಇಲ್ಲ, ಬರೀ ವೈರ್ ಸಾಕೆಟ್ ಇದೆ ಅಂದರೆ ಅದು ಮೋಟಾರಿನದು, ಈ ಪಂಪಿಗೆ ಅಲ್ಲಿ ಕೆಲಸ ಇಲ್ಲ.

ನಿಮ್ಮದು ವ್ಯಾಕ್ಯೂಮಿನದು ಅಂದುಕೊಳ್ಳೋಣ. ಇಂಥ ಟರ್ಬೊಗಳಲ್ಲಿ ಸಾಮಾನ್ಯವಾಗಿ ವ್ಯಾಕ್ಯೂಮ್ ಬಂದಾಗ ಒಳಗಿನ ಸಣ್ಣ ರೆಕ್ಕೆಗಳು ಹತ್ತಿರಕ್ಕೆ ಬಂದು ದಾರಿ ಕಿರಿದಾಗುತ್ತದೆ, ಎಂಜಿನ್ ನಿಧಾನ ಇದ್ದಾಗಲೂ ಟರ್ಬೊ ಜೋರಾಗಿ ತಿರುಗುತ್ತದೆ. ವ್ಯಾಕ್ಯೂಮ್ ಬರದಿದ್ದರೆ ರೆಕ್ಕೆಗಳು ಅಗಲವಾಗಿಯೇ ಇರುತ್ತವೆ. ಆಗ ಏರಿನಲ್ಲಿ ಏದುಸಿರು. ಅಂದರೆ ಟರ್ಬೊ ಪೂರ್ತಿ ಚೆನ್ನಾಗಿದ್ದು, ಒಂದು ರಬ್ಬರ್ ಪೈಪು ಸೀಳಿದ್ದರೂ ನಿಮ್ಮ ಗಾಡಿ ಹೀಗೇ ಆಡುತ್ತದೆ.

ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಡಿ. ಡಬ್ಬಿಯ ಪೈಪು ಕಳಚಿ ಪಂಪ್ ಹಾಕಿ. ಕಡ್ಡಿಯ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದಿಡಿ, ಅಲ್ಲಾಡಿದ್ದು ಕಣ್ಣಿಗೆ ಕಾಣುತ್ತದೆ. ಕೈಬೆರಳು ಕಡ್ಡಿಯ ಹತ್ತಿರ ಬೇಡ. ನಿಧಾನವಾಗಿ ಅದುಮಿ. ಕೆಲವೇ ಇಂಚಿಗೆ ಕಡ್ಡಿ ಜರುಗಲು ಶುರುವಾಗಬೇಕು, 20ರ ಹೊತ್ತಿಗೆ ತುದಿ ಮುಟ್ಟಿರಬೇಕು. ಸರಿಯಾದ ಅಂಕಿ ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಅಂಕಿಗಿಂತ ಕಡ್ಡಿಯ ನಡಿಗೆಯನ್ನು ನೋಡಿ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡು, ಇನ್ನೂ ಎರಡು ಸಲ ಅದುಮಿದ ಮೇಲೆ ಟಕ್ ಅಂತ ಹಾರಿದರೆ ರೆಕ್ಕೆಗಳಲ್ಲಿ ಮಸಿ ಕಟ್ಟಿದೆ. ಆಗ ಮೆಕ್ಯಾನಿಕ್ ಮಾತಿನಲ್ಲಿ ಅರ್ಧ ನಿಜ ಇದೆ, ಆದರೆ ಬಿಚ್ಚಿ ಶುಚಿ ಮಾಡಿದರೆ ಸರಿಹೋಗಬಹುದು. ಕಡ್ಡಿ ಚೆನ್ನಾಗಿ ಜರುಗಿತು, ಆದರೆ ಕೈ ಬಿಟ್ಟ ಮೇಲೆ ಮುಳ್ಳೂ ಕಡ್ಡಿಯೂ ಒಟ್ಟಿಗೆ ವಾಪಸ್ ಬಂದವು ಅಂದರೆ ಡಬ್ಬಿಯೊಳಗಿನ ಡಯಾಫ್ರಮ್ ಹರಿದಿದೆ. ಆಕ್ಚುಯೇಟರ್ ಮಾತ್ರ ಬೇರೆ ಸಿಗುತ್ತದಾ ವಿಚಾರಿಸಿ.

ಜರುಗಿತು, ಎರಡು ನಿಮಿಷ ಅಲ್ಲಾಡದೆ ನಿಂತಿತು ಅಂದರೆ ಡಬ್ಬಿ ಬಿಟ್ಟು ಹಿಂದಕ್ಕೆ ಬನ್ನಿ. ಡಬ್ಬಿಯಿಂದ ಸೊಲೆನಾಯ್ಡಿಗೆ ಹೋಗುವ ಪೈಪನ್ನು ಬಿಚ್ಚಿ, ಒಂದು ತುದಿ ಮುಚ್ಚಿ, ಇನ್ನೊಂದು ತುದಿಗೆ ಪಂಪ್ ಹಾಕಿ. ಎಳೆದಿರುವಾಗಲೇ ಪೈಪನ್ನು ಉದ್ದಕ್ಕೂ ಬಗ್ಗಿಸಿ ನೋಡಿ. ಎಂಜಿನ್ ಬಿಸಿಗೆ ಬೆಂದ ಪೈಪು ನೇರ ಇದ್ದಾಗ ಸೋರುವುದಿಲ್ಲ, ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಬ್ರಾಕೆಟ್ಟಿಗೆ ತಾಗಿ ಸವೆದ ಜಾಗ, ಕ್ಲಿಪ್ಪಿನ ಕೆಳಗಿನ ಜಾಗ, ತುದಿಯ ಒಂದು ಇಂಚು, ಈ ಮೂರರಲ್ಲೇ ಹೆಚ್ಚಾಗಿ ಸಿಗುತ್ತದೆ. ಪೈಪೂ ಚೆನ್ನಾಗಿದ್ದರೆ ಸೊಲೆನಾಯ್ಡಿಗೆ ವ್ಯಾಕ್ಯೂಮ್ ಬರುವ ಪೈಪು ಕಳಚಿ, ಅದನ್ನು ಪಂಪಿನ ಡಯಲ್ಲಿಗೆ ಸೇರಿಸಿ ಎಂಜಿನ್ ಸ್ಟಾರ್ಟ್ ಮಾಡಿ. ಈಗ ಅದುಮಬೇಕಾಗಿಲ್ಲ, ಡಯಲ್ ಓದಿದರೆ ಸಾಕು. ಡೀಸೆಲ್ ಗಾಡಿಯ ವ್ಯಾಕ್ಯೂಮ್ ಪಂಪು ಚೆನ್ನಾಗಿದ್ದರೆ ಐಡಲ್‌ನಲ್ಲೇ ಮುಳ್ಳು ಬೇಗ 25ರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಗೂ ಎಲ್ಲ ಸರಿ ಅಂದರೆ ಉಳಿದದ್ದು ಸೊಲೆನಾಯ್ಡ್ ಮತ್ತು ಅದರ ವೈರಿಂಗ್. ಇಷ್ಟನ್ನೂ ಬರೆದಿಟ್ಟುಕೊಂಡು ಹೋಗಿ ಮೆಕ್ಯಾನಿಕ್ ಹತ್ತಿರ ಮಾತಾಡಿ. ಮಾತು ಬೇರೆಯೇ ಥರ ಇರುತ್ತದೆ.

ಇದೇ ಪಂಪಿನಲ್ಲಿ ಬೇರೆ ಏನೇನು ನೋಡಬಹುದು? ವ್ಯಾಕ್ಯೂಮಿನಿಂದ ನಡೆಯುವ ಇಜಿಆರ್ ವಾಲ್ವ್ ಇದ್ದರೆ ಎಂಜಿನ್ ಐಡಲ್‌ನಲ್ಲಿ ಇಟ್ಟು ಅದಕ್ಕೆ ವ್ಯಾಕ್ಯೂಮ್ ಕೊಡಿ. ಪೆಟ್ರೋಲ್ ಎಂಜಿನ್ ತಡವರಿಸಬೇಕು, ಆಫ್ ಆದರೂ ಆಗಬಹುದು. ಏನೂ ವ್ಯತ್ಯಾಸ ಆಗದಿದ್ದರೆ ದಾರಿ ಮಸಿಯಿಂದ ಮುಚ್ಚಿದೆ ಅಥವಾ ವಾಲ್ವ್ ತೆರೆಯುತ್ತಿಲ್ಲ. ಸೈಲೆನ್ಸರಿನ ಒತ್ತಡ ಬಂದರೆ ಮಾತ್ರ ವ್ಯಾಕ್ಯೂಮ್ ಹಿಡಿಯುವ ಹಳೆ ಥರದ ಇಜಿಆರ್ ವಾಲ್ವ್‌ಗಳೂ ಇವೆ, ಅವು ಎಂಜಿನ್ ಆಫ್ ಇದ್ದಾಗ ಸೋರಿದರೆ ಗಾಬರಿ ಬೇಡ. ಪೆಟ್ರೋಲ್ ಗಾಡಿಯವರಿಗೆ ಒಂದು ಉಪಯೋಗದ ಪರೀಕ್ಷೆ: ಟ್ಯಾಂಕ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ಕಷ್ಟಪಡುತ್ತಿದ್ದರೆ ಪರ್ಜ್ ವಾಲ್ವಿಗೆ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್) ಪಂಪ್ ಹಾಕಿ. ಕರೆಂಟ್ ಕೊಡದಿದ್ದಾಗ ಅದು ಮುಚ್ಚಿರಬೇಕು, ಮುಳ್ಳು ನಿಲ್ಲಬೇಕು. ಇಳಿದರೆ ಅಲ್ಲೇ ಕಳ್ಳ.

ಬ್ರೇಕ್ ಬೂಸ್ಟರಿನ ಒನ್‌ವೇ ವಾಲ್ವ್ ನೋಡುವುದು ಅರ್ಧ ನಿಮಿಷದ ಕೆಲಸ. ಬೂಸ್ಟರ್ ಕಡೆಯ ತುದಿಗೆ ಪಂಪ್ ಹಾಕಿದರೆ ಮುಳ್ಳು ನಿಲ್ಲಬೇಕು. ಎಂಜಿನ್ ಕಡೆಗೆ ಹಾಕಿದರೆ ಗಾಳಿ ಸರಾಗವಾಗಿ ಬರಬೇಕು, ಮುಳ್ಳು ಏರಲೇಬಾರದು. ಬೂಸ್ಟರನ್ನೇ ನೋಡಲು ಇನ್ನೂರು ಸಲ ಅದುಮುವ ಬದಲು, ಎಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ತುಳಿದು, ಕಾಲು ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಇನ್ನು ಬ್ರೇಕ್ ಆಯಿಲ್. ಹೌದು, ಒಬ್ಬರೇ ಇದ್ದಾಗ ಈ ಪಂಪಿನಷ್ಟು ಒದಗುವ ಸಾಮಾನು ಇನ್ನೊಂದಿಲ್ಲ. ಆದರೆ ಆಯಿಲ್ ಪಂಪಿನೊಳಗೆ ಹೋಗಬಾರದು. ಪಂಪಿಗೂ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲಿಗೂ ನಡುವೆ ಬಾಟಲಿ ಇರಲೇಬೇಕು. ಬಾಟಲಿ ಮುಚ್ಚಳದಲ್ಲಿ ಎರಡು ಮೂತಿ ಇರುತ್ತವೆ. ಒಳಗಡೆ ಉದ್ದ ನಳಿಕೆ ಇಳಿಬಿದ್ದಿರುವ ಮೂತಿಗೆ ನಿಪ್ಪಲಿನ ಪೈಪು, ಇನ್ನೊಂದಕ್ಕೆ ಪಂಪಿನ ಪೈಪು. ಅದಲುಬದಲಾದರೆ ಬಾಟಲಿಯಲ್ಲಿ ಬಿದ್ದ ಆಯಿಲ್ಲನ್ನೇ ಪಂಪು ಕುಡಿಯುತ್ತದೆ. ಅರ್ಧ ತುಂಬುವ ಮೊದಲೇ ಖಾಲಿ ಮಾಡಿ.

ಮೊದಲು ರಿಂಗ್ ಸ್ಪಾನರ್ ನಿಪ್ಪಲ್ ಮೇಲೆ ಕೂರಿಸಿ, ಆಮೇಲೆ ಪೈಪು. ತಿರುಗಾಮುರುಗಾ ಮಾಡಿ ಮತ್ತೆ ಬಿಚ್ಚುವುದು ಎಲ್ಲರೂ ಒಂದು ಸಲ ಮಾಡುವ ತಪ್ಪು. 15-20 ಇಂಚಿಗೆ ಎಳೆದು ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ. ಕಪ್ಪು ಆಯಿಲ್ ಬರುತ್ತದೆ. ಮುಳ್ಳು 5ಕ್ಕೆ ಇಳಿಯುವ ಮೊದಲು ನಿಪ್ಪಲ್ ಮುಚ್ಚಿ, ಆಮೇಲೆ ಮತ್ತೆ ಎಳೆಯಿರಿ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಇಳಿಯಬಾರದು. ಒಂದು ಸಲ ಅಲ್ಲಿ ಗಾಳಿ ಹೊಕ್ಕರೆ ಮೊದಲಿಂದ ಶುರು, ಅದೂ ಎಬಿಎಸ್ ಇದ್ದರೆ ಗಾಳಿ ತೆಗೆಯಲು ಸ್ಕ್ಯಾನರ್ ಬೇಕಾಗಬಹುದು. ಯಾವ ಚಕ್ರ ಮೊದಲು ಅನ್ನುವುದಕ್ಕೆ ದೂರದ್ದರಿಂದ ಹತ್ತಿರಕ್ಕೆ ಅನ್ನುವುದು ಹಳೆ ರೂಢಿ. ಎಲ್ಲ ಗಾಡಿಗೂ ಅದು ಸರಿಯಲ್ಲ, ಮ್ಯಾನುಯಲ್ ನೋಡಿ.

ಇಲ್ಲಿ ಒಂದು ವಿಷಯ ಎಲ್ಲರನ್ನೂ ಹೆದರಿಸುತ್ತದೆ. ಎಷ್ಟು ಎಳೆದರೂ ಪೈಪಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ. ಒಳಗೆ ಇನ್ನೂ ಗಾಳಿ ಇದೆ ಅಂತ ಲೀಟರ್‌ಗಟ್ಟಲೆ ಆಯಿಲ್ ಸುರಿದವರಿದ್ದಾರೆ. ಸಡಿಲ ಮಾಡಿದ ನಿಪ್ಪಲಿನ ಥ್ರೆಡ್ ಸಂದಿಯಿಂದ ಹೊರಗಿನ ಗಾಳಿ ಒಳಬರುತ್ತಿರುತ್ತದೆ, ಅಷ್ಟೇ. ಸೋಡಾ ಬಾಟಲಿಯಂತೆ ಸಣ್ಣ ಗುಳ್ಳೆಗಳು ಒಂದೇ ಸಮ ಬರುತ್ತಿದ್ದರೆ ಅದು ಸಂದಿಯ ಗಾಳಿ. ದಪ್ಪ ಗುಳ್ಳೆ ಬಿಟ್ಟು ಬಿಟ್ಟು ಬಂದರೆ ಒಳಗಿನದು. ನಿಪ್ಪಲ್ಲನ್ನು ಇನ್ನೂ ಸ್ವಲ್ಪ ಕಡಿಮೆ ತೆರೆದು ನೋಡಿ. ಅಥವಾ ಥ್ರೆಡ್ಡಿಗೆ ಮಾತ್ರ ಒಂದು ಸುತ್ತು ಟೆಫ್ಲಾನ್ ಟೇಪ್ ಸುತ್ತಿ, ಚೂಪಾದ ತುದಿಗೆ ಮತ್ತು ಪಕ್ಕದ ತೂತಿಗೆ ತಾಗದ ಹಾಗೆ.

ಗಾಡಿ ಕೇಳುವ ಡಾಟ್ ನಂಬರಿನದೇ (ಬ್ರೇಕ್ ಆಯಿಲ್ಲಿನ ದರ್ಜೆ) ಆಯಿಲ್ ಹಾಕಿ, ಹೊಸದಾಗಿ ಒಡೆದ ಡಬ್ಬಿಯದು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ನೀರು ಹೀರಿದ ಮೇಲೆ ಆ ಮಟ್ಟ 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ, ಆಯಿಲ್ ಕುದ್ದು ಪೆಡಲ್ ಹೂತುಹೋಗುವುದು ಹೀಗೇ. ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ. ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ. ಕೊನೆಗೆ ಪೆಡಲ್ ಒತ್ತಿ ನೋಡಿ. ಗಟ್ಟಿಯಾಗಿ ನಿಲ್ಲುವವರೆಗೆ ಗಾಡಿ ಅಲ್ಲಾಡಿಸಬೇಡಿ.

ಪಂಪಿಗೆ ಆಯಿಲ್ ಹೊಕ್ಕೇ ಬಿಟ್ಟಿತು ಅಂದರೆ ಸೋಪಿನ ನೀರು ಎಳೆಸಿ ಉಗುಳಿಸಿ, ಆಮೇಲೆ ಬರೀ ನೀರು, ಆಮೇಲೆ ಒಣಗುವವರೆಗೆ ಸುಮ್ನೆ ಅದುಮುತ್ತಿರಿ. ಒಣಗಿದ ಮೇಲೆ ಒಂದು ಹನಿ ಸಿಲಿಕೋನ್ ಆಯಿಲ್ ಸಾಕು. ಎಂಜಿನ್ ಆಯಿಲ್, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ, ಒಳಗಿನ ರಬ್ಬರ್ ಊದಿಕೊಳ್ಳುತ್ತದೆ. ಪೆಟ್ರೋಲ್ ಎಳೆಯಲು ಇದನ್ನು ಎಂದೂ ಬಳಸಬೇಡಿ. ಬ್ರೇಕಿಗೆ ಬಳಸುವ ಪೈಪು, ಬಾಟಲಿ ಬೇರೆ ಇಟ್ಟುಕೊಳ್ಳಿ. ಆಯಿಲ್ ಅಂಟಿದ ಅದೇ ಪೈಪನ್ನು ನಾಳೆ ಟರ್ಬೊ ಆಕ್ಚುಯೇಟರಿಗೆ ಹಾಕಿದರೆ, ವ್ಯಾಕ್ಯೂಮ್ ಬಿಟ್ಟಾಗ ಆ ಆಯಿಲ್ ಹೋಗಿ ಕೂರುವುದು ಡಯಾಫ್ರಮ್ ಮೇಲೆ.